ಬ್ರೇಕ್ ತುಳಿದರೋ ಇಲ್ಲವೋ

ನಾಶಿಕ್, ಗುರುವಾರ

ಗುರುಲಿಂಗಪ್ಪ ಕಾಕಾ ಅವರಿಗೆ ಭಾಗ್ಯಶ್ರೀಯ ಶರಣಾರ್ಥಿ.

ಜರ್ಮನಿಯಿಂದ ತರಿಸಿದ ಆ ರೇಸಿನ ಕಾರನ್ನು ನಮ್ಮನೆಯವರು ಇಲ್ಲಿ ಯಾರ ಕೈಗೂ ಕೊಡದೆ, ಸಂಭಾಜಿನಗರದ ನಿಮ್ಮ ಗ್ಯಾರೇಜಿಗೇ ತರುತ್ತಿದ್ದರು. ಅವರನ್ನು ಮಣ್ಣು ಮಾಡಿಯಾಯಿತು. ಘಾಟಿನ ಕಂದಕದಿಂದ ಎತ್ತಿದ ಕಾರು ದೇವಳಾಲಿ ಕ್ಯಾಂಪಿನ ನಮ್ಮ ಅಂಗಳದಲ್ಲಿದೆ. "ಬ್ರೇಕ್ ಫೇಲ್ ಆಗ್ಯಾದ, ನನ್ನ ಮಗ ಬೇಕಂತ ಕಂದಕಕ್ಕ ಕಾರ್ ಬಿಡಾಂವಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ.

ಬ್ರೇಕ್ ತುಳಿದರೋ ಇಲ್ಲವೋ ಎಂಬುದು ಕಾರಿನ ಕಂಪ್ಯೂಟರಿನಲ್ಲಿ ಉಳಿದಿರುತ್ತದಂತೆ. ನೀವೇ ಬಂದು ನೋಡಿರಿ. ನಿಜವನ್ನು ನನಗೊಬ್ಬಳಿಗೇ ಹೇಳಿರಿ. ತುಳಿದಿರದಿದ್ದರೆ, ಬ್ರೇಕ್ ಫೇಲ್ ಆಗಿತ್ತೆಂದೇ ಅತ್ತೆಗೆ ಹೇಳಬೇಕು. ಅಪಘಾತದ ಹಿಂದಿನ ವಾರವಷ್ಟೇ ಸರ್ವಿಸ್ ಮಾಡಿದವರು ನೀವು. ನಿಮ್ಮ ಹೆಸರು ಕೆಡುತ್ತದೆಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ನಮ್ಮನೆಯವರು ನಂಬುತ್ತಿರಲಿಲ್ಲ.

ನಿಮ್ಮ ಮಗಳಂಥವಳು,
ಭಾಗ್ಯಶ್ರೀ