ಕೋರ್ಟಿಗೆ ಬಂದ ಕಳ್ಳ ಕುಬಸ

ಗೋಕಾಕ,
18 ಫೆಬ್ರುವರಿ 2025

ತಂಗಿ ಹನಮವ್ವನಿಗೆ, ಅಕ್ಕ ಉದ್ದವ್ವನ ತುಂಬು ಮನಸ್ಸಿನ ಹರಕೆ.

ಬರೆಯಲು ತಡವಾಯಿತು, ಸಿಟ್ಟಾಗಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಪತ್ರವನ್ನಾದರೂ ಓದುತ್ತೀ ಎಂದು ಕುಳಿತಿದ್ದೇನೆ. ಮೂಡಲಗಿಯಲ್ಲಿ ಚಳಿ ಇಳಿಯಿತೇ? ನಿನ್ನ ಮೊಣಕಾಲು ಹೇಗಿದೆ? ನಿನ್ನ ಮಗಳು ಸಪ್ನಾ ನನ್ನ ಮನೆಯಲ್ಲೇ ಇದ್ದಾಳೆ, ಹುಷಾರಾಗಿದ್ದಾಳೆ. ಅವಳ ಕೂಸು ಪೂನಮ್ ಹೊಸ್ತಿಲು ದಾಟಲು ಕಲಿತಿದೆ.

ಬಸುರಿಯೆಂದು ನೀನು ತೊಡಿಸಿದ ಕುಬಸಕ್ಕೆ ಮಗಳು ಅವಮಾನ ಮಾಡಿದಳೆಂಬ ನಿನ್ನ ಸಿಟ್ಟು ನನಗೆ ಗೊತ್ತು. ಹುಕ್ಕೇರಿ ಕೋರ್ಟಿನ ಸುದ್ದಿಯನ್ನು ಯಾರ್ಯಾರೋ ಏನೇನೋ ಮಾಡಿ ಹೇಳಿರುತ್ತಾರೆ. ನಾನು ಅಲ್ಲೇ ಕುಳಿತಿದ್ದೆ, ನನ್ನಿಂದ ಕೇಳು.

ಪೂನಮ್ ಹುಟ್ಟಿದಾಗ ಸಪ್ನಾಳಿಗೆ ಎಷ್ಟು ರಕ್ತ ಹೋಯಿತೆಂದು ನೀನೂ ನೋಡಿದ್ದೀ. ಕೂಸು ಹಾಲು ಬಿಡುವ ಮೊದಲೇ ಮತ್ತೆ ಬಸಿರು. ಅವಳು ಡಾಕ್ಟರ ಹತ್ತಿರ ಹೋಗಿ, ಕಾನೂನಿನ ಪ್ರಕಾರವೇ, ಬಸಿರು ಇಳಿಸುವ ಗುಳಿಗೆ ಕೇಳಿದಳು. ಗಂಡನಿಗೂ ಮುಚ್ಚಿಡದೆ ಹೇಳಿದಳು. ಮುತ್ತಪ್ಪ ಮರುದಿನವೇ ವಕೀಲರನ್ನು ಹಿಡಿದು, ಗುಳಿಗೆ ಕೊಡದಂತೆ ತಡೆ ಕೇಳಿ ಕೋರ್ಟಿಗೆ ಹೋದ. ತೀರ್ಮಾನವಾಗುವವರೆಗೆ ತಾವು ಕೊಡುವುದಿಲ್ಲವೆಂದು ಡಾಕ್ಟರು ಕೈಬಿಟ್ಟರು. ಆ ಗುಳಿಗೆ ಒಂಬತ್ತು ವಾರದೊಳಗೆ ಮಾತ್ರವಂತೆ. ಆಮೇಲೆ ಆಪರೇಷನ್ ಟೇಬಲ್ಲೇ ಗತಿ.

ವಿಚಾರಣೆಯ ದಿನ ಮುತ್ತಪ್ಪನ ವಕೀಲರು ಮತ್ತೊಂದು ತಾರೀಖು ಕೇಳಿದರು. ಮುಂದೆ ಹೋದರೆ ಗುಳಿಗೆಯ ಅವಧಿ ಮುಗಿದಂತೆಯೇ. ನಮ್ಮ ವಕೀಲರು ಆಮ್ರಪಾಲಿ ಮೇಡಮ್ ಏಳುವ ಮೊದಲೇ ಹಿಂದಿನ ಬೆಂಚಿನಿಂದ ನಿನ್ನ ಮಗಳೇ ಎದ್ದಳು.

“ಸಾಹೇಬ್ರ, ತಾರೀಖು ಮುಂದ ಹಾಕಬಹುದ್ರಿ. ಹೊಟ್ಟಿ ಮುಂದ ಹಾಕಾಕ ಬರಾಂಗಿಲ್ರಿ.”

ಶಾಲೆಯಲ್ಲಿ ಹೆಸರು ಕೂಗಿದರೆ ಲಂಗದ ಅಂಚು ಕಚ್ಚುತ್ತಿದ್ದ ಹುಡುಗಿ, ಹನಮವ್ವ! ಜಡ್ಜ್ ಸಾಹೇಬರು ಅಂದೇ ವಿಚಾರಿಸುತ್ತೇನೆಂದರು.

ಆಗ ಮುತ್ತಪ್ಪನ ವಕೀಲರು ಒಂದು ಫೋಟೊ ಹೊರತೆಗೆದು ತೋರಿಸಿದರು. ನೀನು ಮಾಡಿದ ಕಳ್ಳ ಕುಬಸದ್ದು. ಮೂರನೇ ತಿಂಗಳಲ್ಲಿ ಬಾಗಿಲು ಹಾಕಿಕೊಂಡು, ಯಾರಿಗೂ ಹೇಳದೆ ಮಾಡುವ ಶಾಸ್ತ್ರವನ್ನು ಖುಷಿ ತಾಳಲಾರದೆ ನೀನು ಎರಡನೇ ತಿಂಗಳಲ್ಲೇ ಮುಗಿಸಿದ್ದೆ. ಅಳಿಯನಿಂದ ಫೋಟೊ ಬೇರೆ ಹೊಡೆಸಿದ್ದೆ. ಹಸಿರು ಕುಬಸ, ಉಡಿಯಲ್ಲಿ ಕೊಬ್ಬರಿ ಬಟ್ಟಲು, ಪಕ್ಕದಲ್ಲಿ ನಗುತ್ತಿರುವ ನೀನು.

“ನೋಡ್ರಿ, ತವರಿನ ಕುಬಸ ತೊಟ್ಟಾಳ. ಅಂದ ಮ್ಯಾಲ ಕೂಸಿಗೆ ಹೂಂ ಅಂದಾಳ” ಎಂದರು.

ನನ್ನ ಬಾಜೂ ಕುಳಿತ ಹೆಂಗಸು ಮೆಲ್ಲಗೆ, “ಕಳ್ಳ ಕುಬಸಾನ ಕೋರ್ಟಿಗಿ ತಂದಾರಲ್ಲ ಯವ್ವಾ, ಇನ್ನ ಡಂಗುರ ಸಾರೋದೊಂದ ಉಳೀತು!” ಎಂದಳು. ಆ ಹೊತ್ತಿನಲ್ಲೂ ನನಗೆ ನಗು ಬಂತು.

ಸಾಹೇಬರು ಸಪ್ನಾಳನ್ನೇ ಕೇಳಿದರು.

“ತೊಟ್ಟೇನ್ರಿ. ನಮ್ಮವ್ವ ಆಸೆ ಪಟ್ಟು ತಂದಿದ್ಲು, ಹೆಂಗ ಒಲ್ಲೆ ಅನ್ಲಿ? ಅದು ಆಕೀ ಖುಷಿಗೆ ರೀ. ಈ ಮಾತು ನಂದು. ಈಗ ನನಗ ಬ್ಯಾಡ.”

ನಿನ್ನನ್ನು ಒಂದು ಮಾತಿನಿಂದಲೂ ದೂರಲಿಲ್ಲ. ಇಂಥದಕ್ಕೆ ಹೆಣ್ಣುಮಗಳ ಒಪ್ಪಿಗೆ ಸಾಕು, ಗಂಡನದು ಬೇಕಿಲ್ಲವೆಂದು ಆಮ್ರಪಾಲಿ ಮೇಡಮ್ ಕಾನೂನು ಓದಿ ತೋರಿಸಿದರು. ಸಂಜೆಯೊಳಗೆ ಮುತ್ತಪ್ಪನ ಅರ್ಜಿ ವಜಾ ಆಯಿತು.

ಹೊರಗೆ ಮುತ್ತಪ್ಪ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. “ದೊಡ್ಡವ್ವಾ, ಆಕೀ ನನ್ನ ಒಂದ ಮಾತ ಕೇಳಬಾರದಿತ್ತೇನ್ರಿ?” ಎಂದ.

“ಕೇಳಿದ್ನಲ್ಲ. ನೀವು ವಕೀಲರ ಕಡಿಂದ ಉತ್ತರ ಕೊಡಿಸಿದ್ರಿ” ಎಂದಳು ಸಪ್ನಾ. ಆದರೂ ಕೂಸನ್ನು ಅವನ ಕೈಗಿಟ್ಟಳು. ನಮ್ಮ ಬಸ್ಸು ಬರುವವರೆಗೆ ಆಡಿಸಿದ, ಪಾಪ.

ಡಾಕ್ಟರು ಚೀಟಿ ಬರೆದುಕೊಟ್ಟರೂ ಗುಳಿಗೆಗೆ ಮತ್ತೆ ಅಲೆದಾಟ. ಇಲ್ಲಿನ ಎರಡು ಅಂಗಡಿಯವರು, “ಅವನ್ನ ಇಟ್ರ ತಪಾಸಣಿ ಕಾಟ ರೀ, ಇಡಂಗಿಲ್ಲ” ಎಂದರು. ಕೊನೆಗೆ ಸಂಕೇಶ್ವರದಲ್ಲಿ ಸಿಕ್ಕಿತು. ಮೊದಲನೆಯದನ್ನು ಡಾಕ್ಟರ ಎದುರು ನುಂಗಿದಳು, ಉಳಿದದ್ದನ್ನು ನಮ್ಮ ಮನೆಯಲ್ಲಿ. ಎಲ್ಲ ಸುಸೂತ್ರವಾಯಿತು.

ಇಷ್ಟು ಗಟ್ಟಿ ಹೆಣ್ಣು ನಮ್ಮ ಮನೆತನದಲ್ಲಿ ಬೇರೆ ಯಾರೂ ಹುಟ್ಟಿಲ್ಲ, ತಂಗಿ. ಹುಟ್ಟಿದ್ದು ನಿನ್ನ ಹೊಟ್ಟೆಯಲ್ಲಿ. ನಿನ್ನ ಕಾಲುನೋವು ಇಳಿಯಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ಉದ್ದವ್ವ

ತಾ.ಕ.: ಸುಸೂತ್ರ ಎಂದು ಬರೆದೆ. ನೋವು ಏರಿದಾಗ ಅವಳು ಮಂಚದ ಪಟ್ಟಿ ಹಿಡಿದು, “ಯವ್ವಾ, ಯವ್ವಾ” ಎಂದಳು. “ಇಲ್ಲೇ ಅದೀನಿ ನನ್ನ ಬಂಗಾರ” ಎಂದು ತಲೆ ನೇವರಿಸಿದೆ. ಕಣ್ಣು ತೆರೆಯದೆಯೇ, “ನೀ ಅಲ್ಲ ದೊಡ್ಡವ್ವಾ” ಎಂದಳು.