ಗಾಡಿಯಲ್ಲಿ ಜಾಗವಿಲ್ಲ

ಮಾಮೂಲ್‌ಪೇಟೆ, ಬೆಂಗಳೂರು
ನಂದನ ಸಂ|ರದ ಪುಷ್ಯ ಬಹುಳ

ತಂಗಿ ಗಿರಿಜಾಂಬಾ, ಬೆಂಗಳೂರು ಸೇರಿಕೊಂಡ ನಿನ್ನ ಅಕ್ಕನ ಆಶೀರ್ವಾದ. ಶಿವರಾತ್ರಿಗೆ ಶ್ರೀಶೈಲ ಮುಟ್ಟಬೇಕೆಂದು ನಮ್ಮ ಪಾದಯಾತ್ರೆ ನಾಳೆ ಬೆಳಿಗ್ಗೆಯೇ ಹೊರಡುತ್ತದೆ. ನಡೆದೇ ಬರುತ್ತೇನೆಂದು ಹರಕೆ ಹೊತ್ತು ನಾನು ಬಂದರೆ, ತಂಡದ ಯಜಮಾನರಾದ ರೇವಣಸಿದ್ದಯ್ಯನವರು ನನ್ನ ನರೆತ ತಲೆ ನೋಡಿ, "ಅಮ್ಮಾ, ನೀವು ಸಾಮಾನಿನ ಗಾಡೀಲಿ ಕೂತ್ಕೊಂಡು ಬನ್ನಿ" ಎಂದುಬಿಟ್ಟರು. ಆಮೇಲೆ ನನಗೆ ಅನ್ನವೇ ಸೇರಲಿಲ್ಲ.

ಇಲ್ಲಿಯವರ ಪದ್ಧತಿ ಕೇಳು. ಯಾತ್ರೆಗೆ ಬರಲಾರದವರು ನಡೆಯುವವರ ಬುತ್ತಿಗೆ ಏನಾದರೂ ಕೊಟ್ಟು ಪುಣ್ಯದಲ್ಲಿ ಪಾಲು ಪಡೆಯುತ್ತಾರೆ. ಕೊಟ್ಟದ್ದನ್ನು ಬೇಡವೆನ್ನುವಂತಿಲ್ಲ. ಇವತ್ತು ಪೇಟೆಯ ಮನೆಮನೆಯಿಂದ ಡಬ್ಬ ಬಂತು. ಮುಚ್ಚಳ ತೆಗೆದರೆ ಎಲ್ಲದರಲ್ಲೂ ಚಟ್ನಿಪುಡಿ! ಬೀದಿಗೆ ಬೀದಿಯೇ ಸೀನಿತು. ಚಾಮರಾಜಪೇಟೆಯವರಂತೂ ಜಟಕಾದಲ್ಲಿ ಹೇರಿಕೊಂಡು ಬಂದರು. "ಈ ಸಲ ಶ್ರೀಶೈಲದ ಮಲ್ಲಯ್ಯಂಗೂ ಇದೇ ನೈವೇದ್ಯ ಕಣ್ರೀ" ಎಂದು ನಮ್ಮ ಗಾಡಿ ಹೊಡೆಯುವವನು ನಕ್ಕಿದ್ದೇ ನಕ್ಕಿದ್ದು.

ಸಂಜೆಯ ಹೊತ್ತಿಗೆ ಗಾಡಿಯಲ್ಲಿ ಬೆಕ್ಕು ಕೂರಲೂ ಜಾಗ ಉಳಿಯಲಿಲ್ಲ. ಯಜಮಾನರು ತಲೆ ಕೆರೆದುಕೊಂಡು, "ಅಮ್ಮಾ, ನಿಮ್ಮನ್ನ ಎಲ್ಲಿ ಕೂರಿಸ್ಲಿ?" ಎಂದರು.

"ಕೊಟ್ಟವರ ಪುಣ್ಯ ಕೆಳಗಿಳಿಸೋಕಾಗುತ್ತಾ ಸ್ವಾಮಿ? ನಾನೇ ಇಳೀತೀನಿ ಬಿಡಿ" ಎಂದೆ. ಅವರು ನನ್ನನ್ನೂ ನಡೆಯುವವರ ಲೆಕ್ಕಕ್ಕೆ ಸೇರಿಸಿಕೊಂಡರು.

ಮಂಡಿಗೆ ಹರಳೆಣ್ಣೆ ತಿಕ್ಕಿದ್ದೇನೆ, ನೋವಿಲ್ಲ. ಚಳಿ ಜಾಸ್ತಿ, ನೀನು ಕೊಟ್ಟ ಕಂಬಳಿ ಒದಗಿತು. ಈಗ ತಾನೇ ಇನ್ನೊಬ್ಬಾಕೆ ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಯಜಮಾನರು ಮನಸ್ಸು ಬದಲಾಯಿಸುವ ಮುಂಚೆ ಅದನ್ನೂ ಗಾಡಿಗೆ ತುರುಕಿಬಿಡಬೇಕು, ಏಳುತ್ತೇನೆ.

ನಿನ್ನ ಅಕ್ಕ
ಗುರುಬಸಮ್ಮ