ಅಮೂಲ್ಯಾಳ ಹೊಟ್ಟೆ ಕಟ್ಟಿದ ಐದು ದಿನ

ಬಸವೇಶ್ವರನಗರ
ಶುಕ್ರವಾರ, 14 ಜೂನ್ 2024

ಮಗಳೇ ಸೌಮ್ಯಶ್ರೀ,

ಹೇಗಿದ್ದೀಯ? ಹುಬ್ಬಳ್ಳಿಯ ಟ್ರೈನಿಂಗಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಚಹಾ ಕುಡಿದೇ ದಿನ ತಳ್ಳುತ್ತೀಯೋ? ನಾನು ಗಟ್ಟಿಯಾಗಿದ್ದೇನೆ. ಫೋನಿರುವಾಗ ಪತ್ರ ಯಾಕೆ ಅನ್ನಬೇಡ. ನಿನ್ನ ದನಿ ಕೇಳಿದರೆ ನನಗೆ ಬಾಯಿ ಕಟ್ಟುತ್ತದೆ. ಎದುರು ಮನೆಯ ಮಹದೇವ್ ಸಂಜೆ ಹುಬ್ಬಳ್ಳಿಗೆ ಹೊರಟಿದ್ದಾನೆ, ಅವನ ಕೈಲಿ ಕಳಿಸುತ್ತೇನೆ.

ಕೂಸಿಗೆ ಇವತ್ತಿಗೆ ಐದು ದಿನ, ಹೊಟ್ಟೆ ಕಟ್ಟಿದೆ. ಮೂರು ವರ್ಷದ ಅಮೂಲ್ಯಾ ಬಚ್ಚಲ ಕಡೆ ಕರೆದರೆ ಸಾಕು, ಕಾಲು ಬಿಗಿಹಿಡಿದು "ಅಜ್ಜಾ, ಬೇಡ ಅಜ್ಜಾ" ಅಂತ ನನ್ನ ಪಂಚೆಗೆ ಜೋತುಬೀಳುತ್ತಾಳೆ. ಹೊಟ್ಟೆ ಮುಟ್ಟಿದರೆ ಕಲ್ಲು. ನನಗೆ ಭಯವಾಗಿದೆ, ಸೌಮ್ಯಾ. ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋಗಿದ್ದೆವು. ಡೇಕೇರಿನ ಆಯಾ ಜಯದೇವಿ ಮೈದಾ ಬಿಸ್ಕತ್ತು ತಿನ್ನಿಸಿದ್ದರಿಂದಲೇ ಹೀಗಾಯಿತು ಎಂದು ನಿನ್ನ ಗಂಡ ಚನ್ನವೀರೇಶ್ ಹೇಳಿದರು. ಫೋನಿನಲ್ಲಿ ನೀನು ಕೂಗಾಡಿದ್ದೂ ಅದನ್ನೇ. ಈಗಿನ ಡಾಕ್ಟರುಗಳಿಗೆ ಮದ್ದಿಗಿಂತ ಪ್ರಶ್ನೆಯೇ ಜಾಸ್ತಿ. "ಮನೇಲಿ ಬೇರೆ ಏನಾದ್ರೂ ಕೊಡ್ತಾ ಇದೀರಾ ತಾತ?" ಎಂದು ನನ್ನನ್ನು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಔಷಧಿ ಬರೆದು, ನಾಳೆಯೊಳಗೆ ಸರಿಹೋಗದಿದ್ದರೆ ಅಡ್ಮಿಟ್ ಮಾಡಬೇಕು ಎಂದರು.

ನೀನು ಕಳಿಸಿದ ದೂರು ಓದಿ ಡೇಕೇರಿನವರು ಜಯದೇವಿಗೆ ಸೋಮವಾರದಿಂದ ಬರಬೇಡ ಅಂದಿದ್ದಾರಂತೆ. ಮಧ್ಯಾಹ್ನ ಅವಳು ಸುಂಕದಕಟ್ಟೆಯಿಂದ ಬಂದು ಬಾಗಿಲಲ್ಲೇ ನಿಂತಳು. "ನಾನು ಬಿಸ್ಕತ್ತೇ ಕೊಟ್ಟಿಲ್ಲ ಯಜಮಾನ್ರೇ, ನೀವಾದ್ರೂ ಒಂದು ಮಾತು ಹೇಳಿ" ಎಂದು ಅತ್ತಳು. ನೋಡೋಣ ಹೋಗಮ್ಮ ಎಂದು ಕಳಿಸಿಬಿಟ್ಟೆ. ಆಮೇಲೆ ನನಗೆ ಊಟ ಸೇರಲಿಲ್ಲ.

ಊಟ ಬಿಡಬೇಡ. ಬಸವಣ್ಣ ನಿನ್ನನ್ನು ನೆಮ್ಮದಿಯಾಗಿಟ್ಟಿರಲಿ.

ನಿನ್ನ ಅಪ್ಪ,
ಬಸವಲಿಂಗಪ್ಪ

ವಿ.ಸೂ.: ಮಹದೇವ್ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಇನ್ನು ಸುತ್ತಿ ಬಳಸುವುದಿಲ್ಲ. ತಪ್ಪು ನನ್ನದು. ಇಪ್ಪತ್ತು ವರ್ಷದಿಂದ ನನ್ನ ಹೊಟ್ಟೆ ಕಾಪಾಡಿದ ಇಸಬ್ಗೋಲ್ ನಾರಿನ ಪುಡಿಯನ್ನು ಕೂಸಿಗೂ ಒಳ್ಳೆಯದೆಂದು ದಿನಾ ಎರಡು ಚಮಚ ಹಾಲಿಗೆ ಬೆರೆಸಿದೆ. ಅವಳಿಗೆ ಕೆಮ್ಮು ಇದೆ, ಶೀತವಾಗುತ್ತದೆ ಎಂದು ಕುಡಿಯಲು ನೀರೂ ಕೊಡಲಿಲ್ಲ. ಈಗ ತಾನೇ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾರು ಹೆಚ್ಚಾಗಿ ನೀರು ಕಮ್ಮಿಯಾದರೆ ಒಳಗೇ ಗಟ್ಟಿಯಾಗುತ್ತದಂತೆ. ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಬೈದು, ಕೂಸನ್ನು ಕೂಡಲೇ ಕರೆತನ್ನಿ ಅಂದರು. ಹೊರಟಿದ್ದೇವೆ. ನೀನು ಡೇಕೇರಿಗೆ ಇನ್ನೊಂದು ಪತ್ರ ಬರಿ. ಜಯದೇವಿಯ ಹೆಸರಿದ್ದ ಕಡೆಯೆಲ್ಲ ನನ್ನ ಹೆಸರು ಹಾಕು.